ಹೊಸ ಔಷಧದ ಪ್ರಯೋಗಕ್ಕೆ ಸೇರಬೇಕೇ? ಎಂ.ಎಸ್. ರೋಗಿಗಳಿಗೆ ಮತ್ತು ಮನೆಯವರಿಗೆ ತಿಳಿವಳಿಕೆ

ಮನೆಯಲ್ಲಿ ಒಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆ ಎಂದು ವೈದ್ಯರು ಹೇಳಿದಾಗ ಇಡೀ ಮನೆ ಕಂಗಾಲಾಗುವುದು ಸಹಜ. ಆ ರೋಗದ ಹೆಸರನ್ನೇ ಅವರು ಹಿಂದೆ ಕೇಳಿರುವುದಿಲ್ಲ. ಅಷ್ಟರಲ್ಲಿ ನೆಂಟರು, ಪರಿಚಯದವರು ತಲೆಗೊಂದು ಸಲಹೆ ಕೊಡುತ್ತಾರೆ. "ಇಂಥ ಕಡೆ ಹೊಸ ಔಷಧ ಬಂದಿದೆಯಂತೆ, ಹಾಸಿಗೆ ಹಿಡಿದವರು ಎದ್ದು ಓಡಾಡುತ್ತಿದ್ದಾರಂತೆ" ಎಂಬ ಸುದ್ದಿ ಬರುತ್ತದೆ. ಅದನ್ನು ನಂಬಿ ಕೆಲವರು ಹೊಲ ಮಾರಿ, ಸಾಲ ಮಾಡಿ ಹೊರಡುತ್ತಾರೆ. ಇನ್ನು ಕೆಲವರಿಗೆ ದೊಡ್ಡ ಆಸ್ಪತ್ರೆಯಲ್ಲಿ "ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ?" ಎಂದು ಕೇಳಿದರೆ, ತಮ್ಮ ಮೇಲೆ ಏನೋ ಪರೀಕ್ಷೆ ಮಾಡುತ್ತಾರೆಂಬ ಭಯ. ಅತಿಯಾದ ನಂಬಿಕೆಯೂ ಬೇಡ, ಸುಮ್ಮನೆ ಭಯವೂ ಬೇಡ. ವಿಷಯ ತಿಳಿದು ನಿರ್ಧಾರ ಮಾಡಿ.

ಎಂ.ಎಸ್. ಎಂದರೇನು?

ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಇದೆ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಎಂ.ಎಸ್.ನಲ್ಲಿ ದಾರಿ ತಪ್ಪಿ ಈ ಹೊದಿಕೆಯನ್ನು ಹಾಳು ಮಾಡುತ್ತದೆ. ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿ ಅಲ್ಲಲ್ಲಿ ಗಾಯವಾಗಿ ಕಲೆ ಕಟ್ಟುತ್ತದೆ. ಇದರಿಂದ ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಮೂತ್ರ ತಡೆಯಲಾಗದಿರುವುದು, ವಿಪರೀತ ಸುಸ್ತು ಮುಂತಾದ ತೊಂದರೆಗಳು ಬರುತ್ತವೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಇದು ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ.

ಹೆಸರಿನಲ್ಲಿ ಸ್ಕ್ಲೆರೋಸಿಸ್ ಇರುವ ಬೇರೆ ರೋಗಗಳೂ ಇವೆ. ಎ.ಎಲ್.ಎಸ್.ನಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುತ್ತವೆ. ಸಿಸ್ಟಮಿಕ್ ಸ್ಕ್ಲೆರೋಸಿಸ್‌ನಲ್ಲಿ ಚರ್ಮ ಮತ್ತು ಒಳಗಿನ ಅಂಗಗಳು ಬಿಗಿಯಾಗುತ್ತವೆ. ಒಂದರ ಔಷಧ ಇನ್ನೊಂದಕ್ಕೆ ಆಗುತ್ತದೆಂದು ತಿಳಿಯಬಾರದು.

ಪ್ರಯೋಗ ಏಕೆ ಬೇಕು?

ಎಂ.ಎಸ್. ಇರುವ ಹೆಚ್ಚಿನವರಲ್ಲಿ ಮೊದಲ ವರ್ಷಗಳಲ್ಲಿ ರೋಗ ಬಂದು ಹೋಗುವ ರೀತಿಯದು. ಒಮ್ಮೆ ಜೋರಾಗಿ ಕಾಣಿಸಿಕೊಂಡು, ಕೆಲವು ವಾರಗಳಲ್ಲಿ ತಾನಾಗಿಯೇ ಪೂರ್ತಿಯೋ ಅರ್ಧಂಬರ್ಧವೋ ಇಳಿಯುತ್ತದೆ. ಜೋರಾಗಿದ್ದಾಗ ಯಾರೋ ಒಂದು ಪುಡಿ ಕೊಟ್ಟರೆಂದು ಇಟ್ಟುಕೊಳ್ಳಿ. ತಿಂಗಳಲ್ಲಿ ರೋಗ ಇಳಿಯಿತು. ಇಳಿದದ್ದು ಪುಡಿಯಿಂದಲೋ, ರೋಗದ ಸ್ವಭಾವದಿಂದಲೋ? ಒಬ್ಬ ರೋಗಿಯನ್ನು ನೋಡಿ ಇದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ. ಅದಕ್ಕಾಗಿಯೇ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಹಳೆಯ ಔಷಧ ಅಥವಾ ಔಷಧಾಂಶವಿಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸಬೇಕಾಗುತ್ತದೆ. ಯಾರಿಗೆ ಯಾವುದು ಎಂಬುದು ಸಾಮಾನ್ಯವಾಗಿ ರೋಗಿಗೂ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿರುವುದಿಲ್ಲ.

ಹೋಲಿಕೆ ಇಲ್ಲದಿದ್ದರೆ ಏನಾಗುತ್ತದೆ?

2009ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಡಾ. ಪಾವ್ಲೊ ಜಂಬೋನಿ ಅವರು, ಕುತ್ತಿಗೆಯ ರಕ್ತನಾಳಗಳು ಕಿರಿದಾಗಿ ರಕ್ತ ಸರಿಯಾಗಿ ಇಳಿಯದಿರುವುದೇ ಎಂ.ಎಸ್.ಗೆ ಕಾರಣವಿರಬಹುದು ಎಂದರು. 65 ರೋಗಿಗಳ ರಕ್ತನಾಳಗಳನ್ನು ಬಲೂನಿನಿಂದ ಅಗಲಿಸಿದಾಗ ಹಲವರಿಗೆ ಗುಣ ಕಂಡಿತೆಂದು ವರದಿ ಮಾಡಿದರು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಸುದ್ದಿ ಹಬ್ಬಿತು. ಕೆನಡಾದಿಂದ ಸಾವಿರಾರು ಡಾಲರ್ ಖರ್ಚು ಮಾಡಿ ರೋಗಿಗಳು ಪೋಲೆಂಡ್, ಮೆಕ್ಸಿಕೊ, ಭಾರತಕ್ಕೂ ಬಂದು ಈ ಚಿಕಿತ್ಸೆ ಮಾಡಿಸಿಕೊಂಡರು.

ಆಮೇಲೆ ಕೆನಡಾದಲ್ಲೇ 104 ರೋಗಿಗಳ ಮೇಲೆ ಸರಿಯಾದ ಪ್ರಯೋಗ ನಡೆಯಿತು. 49 ಜನರಿಗೆ ನಿಜವಾದ ಚಿಕಿತ್ಸೆ, 55 ಜನರಿಗೆ ಚಿಕಿತ್ಸೆ ಮಾಡಿದಂತೆ ತೋರುವ ಹುಸಿ ಕ್ರಮ. 48 ವಾರಗಳ ನಂತರ ಎರಡೂ ಗುಂಪಿನ ನಡುವೆ ವ್ಯತ್ಯಾಸವೇ ಇರಲಿಲ್ಲ. 2017ರಲ್ಲಿ ಈ ಫಲಿತಾಂಶ ಹೊರಬಂತು. ಅದೇ ವರ್ಷ ಡಾ. ಜಂಬೋನಿ ಅವರೇ ಮುಂದೆ ನಿಂತು ಇಟಲಿಯಲ್ಲಿ ನಡೆಸಿದ ಪ್ರಯೋಗವೂ ಎಂ.ಎಸ್. ರೋಗಿಗಳಿಗೆ ಈ ಚಿಕಿತ್ಸೆಯನ್ನು ಸಲಹೆ ಮಾಡಲಾಗದು ಎಂದೇ ಹೇಳಿತು. ಗುಣ ಕಂಡಿತೆಂದ ರೋಗಿಗಳು ಸುಳ್ಳು ಹೇಳಿರಲಿಲ್ಲ. ಆದರೆ ಗುಣಕ್ಕೆ ಕಾರಣ ಅವರು ತಿಳಿದದ್ದಾಗಿರಲಿಲ್ಲ.

ಪ್ರಯೋಗದಿಂದ ಆದ ಲಾಭ

1993ಕ್ಕೆ ಮುಂಚೆ ಎಂ.ಎಸ್.ನ ಓಟಕ್ಕೆ ಕಡಿವಾಣ ಹಾಕುವ ಒಂದೇ ಒಂದು ಅನುಮತಿ ಪಡೆದ ಔಷಧ ಇರಲಿಲ್ಲ. ಆ ವರ್ಷ 372 ರೋಗಿಗಳ ಪ್ರಯೋಗದ ಆಧಾರದ ಮೇಲೆ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ಇಂದು ಹತ್ತಕ್ಕೂ ಹೆಚ್ಚು ಔಷಧಗಳಿವೆ. ಮೊದಲಿನಿಂದಲೇ ನಿಧಾನವಾಗಿ ಏರುತ್ತಾ ಹೋಗುವ ಎಂ.ಎಸ್.ಗೆ ಮಾತ್ರ ಏನೂ ಇರಲಿಲ್ಲ. 732 ರೋಗಿಗಳು ಪಾಲ್ಗೊಂಡ ಪ್ರಯೋಗದ ನಂತರ 2017ರಲ್ಲಿ ಆಕ್ರೆಲಿಜುಮ್ಯಾಬ್ ಅದಕ್ಕೂ ಬಂತು. ಇವು ರೋಗವನ್ನು ಬುಡಸಹಿತ ಕೀಳುವುದಿಲ್ಲ, ಅದರ ವೇಗ ತಗ್ಗಿಸುತ್ತವೆ.

ಅನುಮತಿ ಸಿಕ್ಕ ಮೇಲೂ ಎಚ್ಚರ ತಪ್ಪಬಾರದು. ನಟಲಿಜುಮ್ಯಾಬ್ ಎಂಬ ಔಷಧಕ್ಕೆ 2004ರ ನವೆಂಬರ್‌ನಲ್ಲಿ ಅನುಮತಿ ದೊರೆಯಿತು. ಮೆದುಳಿಗೆ ವೈರಸ್ ಸೋಂಕು ತಗಲಿದ ಪ್ರಕರಣಗಳು ಕಂಡದ್ದರಿಂದ 2005ರ ಫೆಬ್ರವರಿಯಲ್ಲೇ ಅದನ್ನು ನಿಲ್ಲಿಸಿದರು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಇಟ್ಟು ಮತ್ತೆ ಬಿಟ್ಟರು.

ಎ.ಎಲ್.ಎಸ್.ನದು ಇನ್ನೂ ಕಠಿಣ ದಾರಿ. 1995ರಲ್ಲಿ ಬಂದ ರಿಲುಜೋಲ್ ಆಯುಸ್ಸನ್ನು ಕೆಲವೇ ತಿಂಗಳು ಹೆಚ್ಚಿಸುತ್ತದೆ. 137 ರೋಗಿಗಳ ಸಣ್ಣ ಪ್ರಯೋಗದಲ್ಲಿ ಗೆದ್ದ ರೆಲಿವ್ರಿಯೊ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. 664 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ತಯಾರಕರೇ 2024ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಸಣ್ಣ ಪ್ರಯೋಗದ ಸುದ್ದಿ ಕೇಳಿ ಆತುರಪಡಬಾರದು ಎನ್ನುವುದು ಇದಕ್ಕೇ.

ಪ್ರಯೋಗದ ಹಂತಗಳು

1ನೇ ಹಂತ: ಕೆಲವೇ ಜನರಲ್ಲಿ ಔಷಧ ಸುರಕ್ಷಿತವೇ, ಎಷ್ಟು ಪ್ರಮಾಣ ತಡೆಯುತ್ತದೆ ಎಂದು ನೋಡುವುದು.
2ನೇ ಹಂತ: ರೋಗಿಗಳಲ್ಲಿ ಗುಣದ ಸೂಚನೆ ಇದೆಯೇ ಎಂದು ನೋಡುವುದು.
3ನೇ ಹಂತ: ನೂರಾರು ರೋಗಿಗಳಲ್ಲಿ ಹೋಲಿಸಿ ನೋಡುವುದು.
4ನೇ ಹಂತ: ಮಾರಾಟಕ್ಕೆ ಬಂದ ಮೇಲೂ ಅಡ್ಡಪರಿಣಾಮಗಳನ್ನು ಗಮನಿಸುವುದು.

ತಮ್ಮ ಹಕ್ಕುಗಳು

ನಮ್ಮ ದೇಶದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಯಲ್ಲಿವೆ.

* ತಮಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ಅದರ ಒಂದು ಪ್ರತಿ ತಮಗೆ ಕೊಡಬೇಕು.
* ಓದು ಬರಹ ಬಾರದವರಿದ್ದರೆ, ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಹಾಜರಿರಬೇಕು.
* ಬೇಡವೆನ್ನಬಹುದು. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಇದರಿಂದ ತಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು.
* ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ನಿಯಮದಲ್ಲಿ ಅವಕಾಶವಿದೆ.
* ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು. 2007ರಲ್ಲಿ ಆರಂಭವಾದ ಈ ನೋಂದಣಿ 2009ರಿಂದ ಕಡ್ಡಾಯ. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು.

ಸಹಿ ಹಾಕುವ ಮುನ್ನ ಕೇಳಿ

1. ಇದು ಎಷ್ಟನೇ ಹಂತದ ಪ್ರಯೋಗ? ನೋಂದಣಿ ಸಂಖ್ಯೆ ಏನು?
2. ಹೋಲಿಕೆಯ ಗುಂಪಿಗೆ ಏನು ಕೊಡುತ್ತೀರಿ? ಒಳ್ಳೆಯ ಔಷಧ ಇರುವಾಗ ಬರೀ ಹುಸಿ ಮಾತ್ರೆ ಏಕೆ?
3. ಈಗಿನ ಔಷಧ ನಿಲ್ಲಿಸಬೇಕೇ? ನಡುವೆ ರೋಗ ಉಲ್ಬಣಿಸಿದರೆ ಏನು ಮಾಡುತ್ತೀರಿ?
4. ಮುಂದೆ ಮಕ್ಕಳಾಗಬೇಕೆಂದಿದ್ದರೆ ತೊಂದರೆ ಇದೆಯೇ?
5. ಎಷ್ಟು ಸಲ ಬರಬೇಕು? ಬಸ್ ಚಾರ್ಜು, ಪರೀಕ್ಷೆಯ ಖರ್ಚು ಯಾರದು?
6. ಪ್ರಯೋಗ ಮುಗಿದ ಮೇಲೆ ಔಷಧ ಸಿಗುತ್ತದೆಯೇ?
7. ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

"ಆಕರಕೋಶದ ಇಂಜೆಕ್ಷನ್ನಿನಿಂದ ಪೂರ್ತಿ ವಾಸಿ" ಎಂದು ಹೇಳಿ ಲಕ್ಷಗಟ್ಟಲೆ ಹಣ ಕೇಳಿದರೆ ಎಚ್ಚರ. ನಿಜವಾದ ಪ್ರಯೋಗದಲ್ಲಿ ಯಾರೂ ವಾಸಿಯ ಭರವಸೆ ಕೊಡುವುದಿಲ್ಲ. ಗೊತ್ತಿದ್ದರೆ ಪ್ರಯೋಗವೇ ಬೇಕಾಗುತ್ತಿರಲಿಲ್ಲ.

ಪ್ರಯೋಗಕ್ಕೆ ಸೇರಿದವರಿಗೆಲ್ಲ ಲಾಭವಾಗುತ್ತದೆಂದು ಹೇಳಲಾಗದು. ಆದರೆ ಇಂದು ತಾವು ನುಂಗುವ ಪ್ರತಿ ಮಾತ್ರೆಯ ಹಿಂದೆ, ಫಲ ಸಿಗುವುದೋ ಇಲ್ಲವೋ ತಿಳಿಯದೆ ಒಪ್ಪಿಕೊಂಡ ನೂರಾರು ರೋಗಿಗಳಿದ್ದಾರೆ. ಸೇರುವುದೂ ಬಿಡುವುದೂ ತಮ್ಮ ಇಚ್ಛೆ. ಒಪ್ಪಿಗೆ ಪತ್ರವನ್ನು ಮನೆಗೆ ತೆಗೆದುಕೊಂಡು ಹೋಗಿ, ಎಲ್ಲರೂ ಕೂತು ಓದಿ. ತಿಳಿಯದ್ದನ್ನು ಗುರುತು ಹಾಕಿಕೊಂಡು ಬಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಅಲ್ಲಿಯವರೆಗೆ, ಈಗ ನಡೆಯುತ್ತಿರುವ ಔಷಧವನ್ನು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಬೇಡಿ.