ಕತೆಯ ಸಾರ ಬೇರೆ, ಆಶಯ ಬೇರೆ

ಕನ್ನಡ ಪರೀಕ್ಷೆಗಳಲ್ಲಿ ಆಗಾಗ ಬರುವ ಪ್ರಶ್ನೆಯೊಂದಿದೆ: 'ಈ ಸಣ್ಣಕತೆಯ ಆಶಯವನ್ನು ವಿವರಿಸಿರಿ.' ಅನೇಕ ವಿದ್ಯಾರ್ಥಿಗಳು ಕತೆಯನ್ನೇ ಆದಿಯಿಂದ ಅಂತ್ಯದವರೆಗೆ ಬರೆದು, ಕೊನೆಗೆ 'ಆದುದರಿಂದ ನಾವು ಒಳ್ಳೆಯವರಾಗಿ ಬಾಳಬೇಕು' ಎಂದು ಮುಗಿಸಿಬಿಡುತ್ತಾರೆ. ಮೊದಲಿನದು ಸಾರ, ಕೊನೆಯದು ನೀತಿ. ಆಶಯ ಇವೆರಡೂ ಅಲ್ಲ. ಕತೆಯಲ್ಲಿ ನಡೆದ ಸಂಗತಿಗಳೆಲ್ಲ ಸೇರಿ ಬದುಕಿನ ಬಗ್ಗೆ ಏನು ಹೇಳುತ್ತವೆಯೋ ಅದು ಆಶಯ.

ಗಡಿನಾಡಿನ ಮಕ್ಕಳಿಗೆ ಇದು ಬರೇ ಅಂಕದ ಮಾತಲ್ಲ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದರೆ ತಾಳಮಲೆ, ತಾಳವಾಡಿಯ ಕನ್ನಡ ಹಳ್ಳಿಗಳು ಸಿಗುತ್ತವೆ. ವರನಟ ಡಾ. ರಾಜ್‌ಕುಮಾರರ ಗಾಜನೂರು ಇರುವುದೂ ಅಲ್ಲೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ನಮ್ಮ ಕಾಸರಗೋಡು ಕೇರಳದ ಪಾಲಾದುದೂ ಆಗಲೇ. ತಮಿಳುನಾಡಿನಲ್ಲಿ 2006ರಲ್ಲಿ ತಮಿಳನ್ನೂ ಕೇರಳದಲ್ಲಿ 2017ರಲ್ಲಿ ಮಲಯಾಳವನ್ನೂ ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾಯ್ದೆಗಳು ಬಂದವು. ರಾಜ್ಯಭಾಷೆಯನ್ನು ಕಲಿಯುವುದು ತಪ್ಪಲ್ಲ. ಆದರೆ ಕನ್ನಡಕ್ಕೆ ಉಳಿದ ಅಲ್ಪ ಹೊತ್ತಿನಲ್ಲಿ ಮಗು ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡುವುದಾದರೆ, ಕನ್ನಡದಲ್ಲಿ ಯೋಚಿಸಲು ಕಲಿಯುವುದು ಯಾವಾಗ?

ದೇವನೂರ ಮಹಾದೇವರ 'ಅಮಾಸ' ಕತೆಯನ್ನೇ ತೆಗೆದುಕೊಳ್ಳೋಣ. 1973ರ 'ದ್ಯಾವನೂರು' ಸಂಕಲನದಲ್ಲಿರುವ ಈ ಕತೆಯಲ್ಲಿ ನಂಜನಗೂಡು ಸೀಮೆಯ ಆಡುಮಾತಿನ ಸೊಗಡಿದೆ. ತಾಳವಾಡಿಯಿಂದ ಚಾಮರಾಜನಗರ ದಾಟಿದರೆ ಅದೇ ಸೀಮೆ. ತನ್ನ ಮನೆಮಾತು ಬರವಣಿಗೆಗೆ ತಕ್ಕುದಲ್ಲವೆಂದು ಅಳುಕುವ ಅಲ್ಲಿನ ಮಗುವಿಗೆ ಈ ಕತೆಯೇ ಒಂದು ಉತ್ತರ.

ಅಮಾಸ ತಂದೆತಾಯಿ ಇಲ್ಲದ ಹುಡುಗ. ಮಾರಿಗುಡಿಯಲ್ಲಿ ಮುದುಕ ಕುರಿಯಯ್ಯನ ಆಸರೆಯಲ್ಲಿ ಬೆಳೆಯುತ್ತಾನೆ. ಅವನಿಗೆ ಆ ಹೆಸರು ಯಾಕೆ ಬಂತೆಂದು ಹೇಳಬಲ್ಲವರೂ ಇಲ್ಲ. ಮಾರಿಹಬ್ಬದ ಹುಲಿಕುಣಿತದಲ್ಲಿ ಅದೇ ಹುಡುಗ ಮರಿಹುಲಿಯಾಗಿ ಕುಣಿದಾಗ ಜನ ಬೆರಗಾಗುತ್ತಾರೆ. ನವರಾತ್ರಿಯ ಪಿಲಿವೇಷ ಕಂಡ ನಮ್ಮ ಮಕ್ಕಳಿಗೆ ಈ ಸನ್ನಿವೇಶ ಹೊಸದಲ್ಲ.

ಇದರ ಆಶಯ 'ಬಡತನ' ಎಂದರೆ ಸಾಲದು. ಅದು ವಿಷಯ ಮಾತ್ರ. ಆಶಯವನ್ನು ಪೂರ್ಣ ವಾಕ್ಯದಲ್ಲಿ ಹೇಳಬೇಕು. ಅದಕ್ಕೆ ಮೂರು ಪ್ರಶ್ನೆಗಳು ನೆರವಾಗುತ್ತವೆ. ಮುಖ್ಯ ಪಾತ್ರಕ್ಕೆ ಯಾವುದರ ಕೊರತೆ? ಕತೆಯಲ್ಲಿ ಯಾವ ಸಂಗತಿಗೆ ಒತ್ತು ಬಿದ್ದಿದೆ? ಮೊದಲಿಗೂ ಕೊನೆಗೂ ಬದಲಾದದ್ದೇನು? ಉತ್ತರಗಳನ್ನು ಕೂಡಿಸಿದರೆ ಇಂಥದೊಂದು ವಾಕ್ಯ ಹುಟ್ಟೀತು: 'ಊರು ಲೆಕ್ಕಕ್ಕಿಡದ ಮಗುವಿನೊಳಗೂ ಊರೇ ಬೆರಗಾಗುವ ಚೈತನ್ಯ ಅಡಗಿರುತ್ತದೆ.' ಹೆಸರಿನ ಸಂಗತಿ ಒಂದು ಆಧಾರ, ಹುಲಿಕುಣಿತ ಇನ್ನೊಂದು. ಮತ್ತೊಬ್ಬ ವಿದ್ಯಾರ್ಥಿ, 'ಊರು ಮೆಚ್ಚುವುದು ವೇಷವನ್ನು, ಹುಡುಗನನ್ನಲ್ಲ' ಎಂದು ವಾದಿಸಬಹುದು. ವಾದಿಸಲಿ, ಆದರೆ ಆಧಾರವನ್ನು ಕತೆಯೊಳಗಿನಿಂದಲೇ ತೋರಿಸಲಿ. ಕತೆಯ ಯಾವುದೇ ಭಾಗ ತನ್ನ ವಾಕ್ಯಕ್ಕೆ ಎದುರು ನಿಂತರೆ ವಾಕ್ಯವನ್ನು ತಿದ್ದಿಕೊಳ್ಳಲಿ.

ಬರೆಯುವ ಕ್ರಮವೂ ಸರಳ. ಮೊದಲು ಆಶಯದ ವಾಕ್ಯ, ಅನಂತರ ಕತೆಯಿಂದ ಎರಡು ಆಧಾರಗಳು, ಅವು ಆ ಆಶಯವನ್ನು ಹೇಗೆ ತೋರಿಸುತ್ತವೆಂಬ ವಿವರಣೆ. ಕಥಾಸಾರಕ್ಕೆ ಎರಡು ಮೂರು ಸಾಲು ಸಾಕು.

ಹೆತ್ತವರು ಮಾಡಬಹುದಾದ ಕೆಲಸವೂ ಇದೆ. ವಾರಕ್ಕೊಂದು ಕತೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿ, 'ನಿನಗೆ ಏನನ್ನಿಸಿತು?' ಎಂದು ಕೇಳಬೇಕು. ಉತ್ತರ ಮೊದಲು ತುಳುವಿನಲ್ಲಿ ಬರಲಿ, ಹವ್ಯಕ ಕನ್ನಡದಲ್ಲಿ ಬರಲಿ, ತಾಳವಾಡಿಯ ಮಾತಿನಲ್ಲಿ ಬರಲಿ, ತಡೆಯಬಾರದು. ಗ್ರಂಥಸ್ಥ ಕನ್ನಡಕ್ಕೆ ಅದನ್ನು ತಿದ್ದಿ ಬರೆಸಲು ಆಮೇಲೂ ಸಮಯವಿದೆ. ಸ್ವಂತ ಅಭಿಪ್ರಾಯವನ್ನು ಕನ್ನಡದಲ್ಲಿ ಆಧಾರ ಸಹಿತ ಬರೆಯಬಲ್ಲ ಮಗು ಪರೀಕ್ಷೆ ಮುಗಿದ ಮೇಲೂ ಕನ್ನಡವನ್ನು ಕೈಬಿಡಲಾರದು.