ಬೆಚ್ಚಗಿನ ಮನೆಯೂ ಒಂದು ಔಷಧ

"ಡಾಕ್ಟ್ರೇ, ಅಲ್ಲಿ ಮನೆಯ ಹೊರಗಿನ ಬಿಸಿಲೇ ವಾಸಿ, ಒಳಗೆ ಕೂತರೆ ನಡುಕ!" ಮಗಳ ಬಾಣಂತನಕ್ಕೆಂದು ನ್ಯೂಜಿಲೆಂಡಿಗೆ ಹೋಗಿ ಬಂದ ಹಿರಿಯ ಮಹಿಳೆಯೊಬ್ಬರು ನನಗೆ ಹೇಳಿದ ಮಾತಿದು. ಅಲ್ಲಿದ್ದ ಮೂರು ತಿಂಗಳೂ ಅವರಿಗೆ ಕೆಮ್ಮು ಬಿಡಲಿಲ್ಲ. ನಾಲ್ಕು ವರ್ಷದ ಮೊಮ್ಮಗನಿಗೆ ಗೂರಲು. ಔಷಧ ಬದಲಾಯಿಸಿದ್ದಾಯಿತು, ಮತ್ತೆ ಅದೇ ಪಾಡು. ಮಗು ಮಲಗುವ ಕೋಣೆಯ ಗೋಡೆಯ ಮೇಲೆ ಕಪ್ಪು ಬೂಷ್ಟು ಹಿಡಿದಿತ್ತಂತೆ. ಕಾಯಿಲೆಯ ಬೇರು ಮನೆಯಲ್ಲೇ ಇತ್ತು ಎಂದರೆ ನೀವು ನಂಬುವಿರಾ?

ಶ್ರೀಮಂತ ದೇಶದಲ್ಲೂ ಹೀಗೆಯೇ ಎಂದು ಅಚ್ಚರಿಪಡಬೇಡಿ. ಮನೆಗಳಿಗೆ ಶಾಖ ತಡೆಯುವ ಪದರ ಹಾಕಬೇಕೆಂಬ ನಿಯಮ ಅಲ್ಲಿ ದೇಶಕ್ಕೆಲ್ಲ ಜಾರಿಗೆ ಬಂದದ್ದು 1978ರಲ್ಲಿ. ಅದಕ್ಕೂ ಮುಂಚೆ ಕಟ್ಟಿದ ಎಷ್ಟೋ ಮರದ ಮನೆಗಳಲ್ಲಿ ಹೀಟರಿನ ಶಾಖ ಚಾವಣಿಯಿಂದ, ನೆಲದಿಂದ, ಬಾಗಿಲ ಸಂದಿನಿಂದ ಹೊರಗೆ ಹೋಗುತ್ತಿತ್ತು. ದುಡ್ಡೂ ಅದರ ಜೊತೆಗೇ ಹೋಗುತ್ತಿತ್ತು.

ಚಳಿ ಮಾಡುವ ಕೇಡು

ತಣ್ಣನೆಯ ಗಾಳಿ ಶ್ವಾಸನಾಳವನ್ನು ಕೆರಳಿಸುತ್ತದೆ. ಸೋಂಕು ತಡೆಯುವ ಅದರ ಶಕ್ತಿ ಕುಗ್ಗುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ವಯಸ್ಸಾದವರ ಹೃದಯಕ್ಕೆ ಇದು ಹೊರೆ. ಅಡಿಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರುತ್ತವೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಆಸ್ತಮಾ ಇರುವ ಮಗುವಿಗೆ ಇಷ್ಟು ಸಾಕು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ.

ನೆರೆಹೊರೆಯವರ ಪ್ರಯೋಗ

ಒಟಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಫಿಲಿಪಾ ಹೌಡೆನ್-ಚಾಪ್‌ಮನ್ ಮತ್ತು ಸಂಗಡಿಗರು ಕಡಿಮೆ ಆದಾಯದವರಿರುವ ಏಳು ಪ್ರದೇಶಗಳ ಜನರ ಜೊತೆಗೂಡಿ 1,350 ಹಳೆಯ ಮನೆಗಳನ್ನು ಆರಿಸಿದರು. ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಉಸಿರಾಟದ ತೊಂದರೆ ಇತ್ತು. ಅರ್ಧದಷ್ಟು ಮನೆಗಳ ಚಾವಣಿಗೆ, ನೆಲದಡಿಗೆ ಪದರ ಹಾಕಿ, ಬಾಗಿಲು ಕಿಟಕಿಗಳ ಸಂದು ಮುಚ್ಚಿ, ಮನೆಯಡಿಯ ಮಣ್ಣಿನ ಮೇಲೆ ಪಾಲಿಥಿನ್ ಹಾಳೆ ಹಾಸಿದರು. ಉಳಿದವರ ಸರದಿ ಬಂದದ್ದು ಒಂದು ಚಳಿಗಾಲ ಕಳೆದ ಮೇಲೆ. ಪಕ್ಕದವರ ಮನೆ ಬೆಚ್ಚಗಾದಾಗ ಅವರು ಚಳಿಯಲ್ಲೇ ಕಾದರು. ಹೋಲಿಸಿ ನೋಡಲು ಸಾಧ್ಯವಾದದ್ದು ಅವರಿಂದಲೇ.

ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಪದರ ಹಾಕಿದ ಮನೆಗಳ ಮಲಗುವ ಕೋಣೆ ಸರಾಸರಿ ಅರ್ಧ ಡಿಗ್ರಿ ಬೆಚ್ಚಗಾಗಿತ್ತು. ಅರ್ಧ ಡಿಗ್ರಿ ಏನು ಮಹಾ ಎನ್ನಬೇಡಿ. ಮಕ್ಕಳು ಶಾಲೆ ತಪ್ಪಿಸುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗೂರಲೂ ಬಹಳ ತಗ್ಗಿತು. ಇಂಧನ ಬಳಕೆ ಉಳಿದ ಮನೆಗಳ ಶೇ. 81ರಷ್ಟು ಮಾತ್ರ! ಹೆಚ್ಚು ಉರಿಸಿ ಪಡೆದ ಬೆಚ್ಚಗಲ್ಲ ಇದು, ಇದ್ದ ಶಾಖವನ್ನು ಉಳಿಸಿಕೊಂಡದ್ದು. 2009ರಲ್ಲಿ ಅಲ್ಲಿನ ಸರ್ಕಾರ ಇಂಥ ಕೆಲಸಕ್ಕೆ ಸಹಾಯಧನದ ದೊಡ್ಡ ಯೋಜನೆ ತಂದಿತು. 2019ರ ಜುಲೈಯಿಂದ ಬಾಡಿಗೆ ಮನೆಗಳಿಗೂ, ಸಾಧ್ಯವಿರುವಲ್ಲೆಲ್ಲ, ಪದರ ಕಡ್ಡಾಯವಾಯಿತು.

ನೀವು ಮಾಡಬಹುದಾದದ್ದು

ಮಕ್ಕಳ ಮನೆಗೆಂದು ಚಳಿ ದೇಶಕ್ಕೆ ಹೊರಟವರು, ಮಲೆನಾಡು, ಕೊಡಗಿನ ಮಳೆಗಾಲದ ಥಂಡಿ ಕಂಡವರು ಇಷ್ಟನ್ನು ನೆನಪಿಡಿ:

1. ಬಾಗಿಲಡಿಯ ಸಂದು ಮುಚ್ಚಿ. ಸಂಜೆಯಾದೊಡನೆ ದಪ್ಪ ಪರದೆ ಎಳೆಯಿರಿ.

2. ಅಡಿಗೆ, ಸ್ನಾನದ ಹಬೆ ಹೊರಗೆ ಹೋಗಲಿ. ದಿನಕ್ಕೆ ಕೆಲವು ನಿಮಿಷ ಕಿಟಕಿ ತೆರೆಯಿರಿ. ಸಾಧ್ಯವಾದಷ್ಟೂ ಬಟ್ಟೆ ಹೊರಗೆ ಒಣಗಲಿ.

3. ಮಂಚವನ್ನು ತಣ್ಣನೆಯ ಗೋಡೆಗೆ ಒತ್ತಿ ಹಾಕಬೇಡಿ.

4. ಮನೆ ಬೆಚ್ಚಗಾಯಿತೆಂದು ಆಸ್ತಮಾದ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.

5. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಎಂದಿಗೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ನಮ್ಮ ಮಲೆನಾಡಿಗೆ ಹೊಸದಲ್ಲ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎನ್ನುವ ಮುಯ್ಯಾಳು ಪದ್ಧತಿಯೂ ಹೊಸದಲ್ಲ. ಒಂಟಿಯಾಗಿರುವ ವೃದ್ಧರು ಏಣಿ ಹತ್ತಿ ಚಾವಣಿ ಸರಿಪಡಿಸಲಾರರು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಒಂದು ಭಾನುವಾರ ನಾಲ್ಕು ಜನ ಕೈಜೋಡಿಸಿ.

ಮಗುವಿನ ಕೆಮ್ಮು ಮತ್ತೆ ಮತ್ತೆ ಮರುಕಳಿಸಿದರೆ ಮಲಗುವ ಕೋಣೆಯ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿ. ತೇವವಿದ್ದರೆ ನಿಮ್ಮ ವೈದ್ಯರಿಗೆ ಅದನ್ನು ಮರೆಯದೆ ಹೇಳಿ.