ಹಾಲು ಬಿಟ್ಟ ಪೈಲ್ವಾನನ ಲೆಕ್ಕ

ಮೂರು ವರ್ಷಗಳ ಹಿಂದೆ ಶೀಗೆಹುಣ್ಣಿಮೆಗೆಂದು ಕುಂದಗೋಳ ತಾಲ್ಲೂಕಿನ ಕುಬಿಹಾಳಕ್ಕೆ ಹೋದಾಗ ಅಣ್ಣನ ಮನೆಯಲ್ಲಿ ಹಬ್ಬದ ಕಳೆಯಿರಲಿಲ್ಲ. ಹುಬ್ಬಳ್ಳಿಯ ಜಿಮ್ಮೊಂದಕ್ಕೆ ನಿತ್ಯ ಬಸ್ಸಿನಲ್ಲಿ ಹೋಗಿ ಮೈ ಹುರಿಗೊಳಿಸುತ್ತಿದ್ದ ಅಣ್ಣನ ಮೊಮ್ಮಗ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವನ್ನೂ ಒಮ್ಮೆಗೇ ತ್ಯಜಿಸಿದ್ದ. ತಲೆತಲಾಂತರದಿಂದ ಸಸ್ಯಾಹಾರಿಗಳಾದ ಮನೆ ಅದು. ಮಾಂಸ ತಿಂದನೆಂದು ಮಗನ ಮೇಲೆ ಸಿಟ್ಟಾದ ತಾಯಂದಿರನ್ನು ನಾನು ಕಂಡಿದ್ದೆ. ಹಾಲು ಕುಡಿಯಲಿಲ್ಲವೆಂದು ಕಣ್ಣೀರು ಹಾಕಿದ ತಾಯಿಯನ್ನು ಕಂಡದ್ದು ಅಂದೇ.

‘ಎಮ್ಮಿ ಹಾಲು ಕುಡದು ಬೆಳದ ಮೈ ಅದು. ಈಗ ಹಾಲು ನಮ್ಮದಲ್ಲ, ಕರುವಿಂದು ಅಂತಾನ ನೋಡ್ರಿ ಮಾವಾರ. ಇವನ ಕಾಲೇಜಿನ ಫೀ ಯಾವ ರೊಕ್ಕದಾಗ ತುಂಬೇನಿ ಕೇಳ್ರಿ’ ಎಂದಳು ಅವನ ತಾಯಿ. ಆಕೆಯ ಮಾತಿನಲ್ಲಿ ಸತ್ಯವಿತ್ತು. ಒಂದು ಎಮ್ಮೆ, ಒಂದು ಮಿಶ್ರತಳಿ ಆಕಳು. ಎರಡು ಹೊತ್ತೂ ಡೇರಿಗೆ ಹಾಲು ಹಾಕಿ ಆಕೆ ಮಗನನ್ನು ಓದಿಸಿದ್ದಳು. ಹುಡುಗನ ಮಾತಿನಲ್ಲೂ ಸತ್ಯವಿತ್ತು. ಆ ಆಕಳು ಈದ ಹೋರಿಗರುವನ್ನು ಕೇಳುವವರಿರಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿಗೆ ಬೆಲೆಯಿಲ್ಲ. ಹಾಲಿಗೆ ಮಾತ್ರ ಬೆಲೆಯಿದೆ. ಹೊಟ್ಟೆತುಂಬ ಹಾಲು ಸಿಗದ ಆ ಕರು ಕೆಲವೇ ದಿನಗಳಲ್ಲಿ ಕೊಟ್ಟಿಗೆಯಲ್ಲೇ ಸತ್ತಿತು. ಅಂದಿನಿಂದ ಅವನು ಹಾಲು ಮುಟ್ಟಲಿಲ್ಲ.

ಪ್ರಾಣಿಮೂಲದ ಯಾವ ಪದಾರ್ಥವನ್ನೂ ಸೇವಿಸದ ಈ ಕ್ರಮಕ್ಕೆ ಇಂಗ್ಲೆಂಡಿನಲ್ಲಿ 1944ರಲ್ಲಿ ‘ವೀಗನ್’ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿ ಇಂಥ ಆಹಾರಕ್ಕೆಂದೇ 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪ್ರತ್ಯೇಕ ನಿಯಮಾವಳಿಯನ್ನೂ ಲಾಂಛನವನ್ನೂ ಜಾರಿಗೆ ತಂದಿದೆ. ಮಹಾನಗರಗಳ ಅನುಕೂಲಸ್ಥರ ಖಯಾಲಿ ಎಂದು ನಾವು ತಳ್ಳಿಹಾಕುತ್ತಿದ್ದ ಈ ವಿಚಾರ ಎರೆಮಣ್ಣಿನ ಹಳ್ಳಿಯ ಕೊಟ್ಟಿಗೆಯಲ್ಲೇ ಹುಟ್ಟಬಹುದೆಂಬುದು ನನಗೆ ಹೊಸ ಪಾಠವಾಗಿತ್ತು. ಆದರೆ ಅಂದು ನನ್ನನ್ನು ಕಾಡಿದ ಪ್ರಶ್ನೆ ನೀತಿಯದಲ್ಲ, ಲೆಕ್ಕದ್ದು. ಹಾಲಿಲ್ಲದೆ ಮಾಂಸಖಂಡ ಬೆಳೆದೀತೆ? ಬೆಳೆದರೂ ಬಹುಕಾಲ ನಿಂತೀತೆ?

ನಮ್ಮ ಭಾಗದಲ್ಲಿ ಪೈಲ್ವಾನನೆಂದರೆ ಹಾಲು, ತುಪ್ಪ, ಬಾದಾಮಿ ಎಂಬ ನಂಬಿಕೆ ಗಟ್ಟಿಯಾಗಿದೆ. ಇದಕ್ಕೆ ಇತಿಹಾಸದ ಕಾರಣವೂ ಇದೆ. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ನೀಡಿದ ಆಶ್ರಯದ ಪ್ರಭಾವ ಬೆಳಗಾವಿ, ಧಾರವಾಡ ಸೀಮೆಯ ಗರಡಿಮನೆಗಳ ಮೇಲೂ ಆಯಿತು. ಬಾದಾಮಿ, ಗಸಗಸೆ ಅರೆದು ಹಾಲಿಗೆ ಬೆರೆಸಿದ ಥಂಡಾಯಿ ಪೈಲ್ವಾನರ ನಿತ್ಯದ ಪೇಯವಾಯಿತು. ಆದರೆ ಅದು ರಾಜಾಶ್ರಯದ ಊಟ ಎಂಬುದನ್ನು ನಾವು ಮರೆಯುತ್ತೇವೆ. ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕ್ವಿಂಟಲ್ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಸಾಗುತ್ತಿದ್ದ ಹಮಾಲರನ್ನು ಬೆರಗಿನಿಂದ ನೋಡುತ್ತಿದ್ದೆ. ಮಧ್ಯಾಹ್ನ ಅವರ ಬುತ್ತಿಯಲ್ಲಿ ಇರುತ್ತಿದ್ದುದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯ, ಒಂದು ಉಳ್ಳಾಗಡ್ಡಿ. ಬಾದಾಮಿಯನ್ನು ಅವರು ಕಂಡಿದ್ದರೆ ಚೀಲದಲ್ಲಷ್ಟೇ ಕಂಡಿರಬೇಕು.

ಮಾಂಸಖಂಡವನ್ನು ಬೆಳೆಸುವುದು ಹಾಲೂ ಅಲ್ಲ, ಮೊಟ್ಟೆಯೂ ಅಲ್ಲ. ಭಾರ ಎತ್ತುವ ದುಡಿಮೆ. ಪ್ರೋಟೀನು ಅದಕ್ಕೆ ಬೇಕಾದ ಇಟ್ಟಿಗೆ-ಗಾರೆ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕನಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಕಸರತ್ತು ಮಾಡಿ ಮೈ ಬೆಳೆಸುವವನಿಗೆ ಸುಮಾರು 1.6 ಗ್ರಾಂ ಬೇಕೆಂಬುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಸಾರ. ಬ್ರೆಜಿಲಿನ ಸಂಶೋಧಕರು 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 19 ವೀಗನ್ ತರುಣರು ಮತ್ತು ಎಲ್ಲವನ್ನೂ ತಿನ್ನುವ 19 ತರುಣರಿಗೆ 12 ವಾರ ಒಂದೇ ಬಗೆಯ ಕಾಲಿನ ಕಸರತ್ತು ಮಾಡಿಸಿದರು. ಮೊದಲ ಗುಂಪಿಗೆ ಸೋಯಾ ಪುಡಿ, ಎರಡನೆಯ ಗುಂಪಿಗೆ ಹಾಲಿನ ಪುಡಿಯಿಂದ ಕೊರತೆ ತುಂಬಿ, ಇಬ್ಬರಿಗೂ ಅದೇ 1.6 ಗ್ರಾಂ ಪ್ರಮಾಣ ಸಿಗುವಂತೆ ನೋಡಿಕೊಂಡರು. ಕೊನೆಯಲ್ಲಿ ಮಾಂಸಖಂಡದ ಗಾತ್ರದಲ್ಲಾಗಲಿ, ಬಲದಲ್ಲಾಗಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಸರಿಯಿದ್ದರೆ ಮೂಲ ಯಾವುದೆಂಬುದು ದೊಡ್ಡ ಮಾತಲ್ಲ ಎಂದಾಯಿತು.

ಹಾಗಾದರೆ ಕುಬಿಹಾಳದ ಅಡುಗೆಮನೆಯಲ್ಲಿ ಆ ಪ್ರಮಾಣ ಕೂಡಿಬರುತ್ತದೆಯೇ? ನಾನು, ಹುಡುಗ ಇಬ್ಬರೂ ಕಾಗದ ಹಿಡಿದು ಕುಳಿತೆವು. ಅವನ ತೂಕ 65 ಕಿಲೋ. ಬೇಕಾದದ್ದು 104 ಗ್ರಾಂ. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿಯಿಂದ 25 ಗ್ರಾಂ. ಮೊಳಕೆ ಕಟ್ಟಿದ ಹೆಸರುಕಾಳು, ಒಣ ತೂಕದಲ್ಲಿ 75 ಗ್ರಾಂ, ಅದರಿಂದ 17. ಕಡಲೆಯ ಉಸಳಿಗೆ 60 ಗ್ರಾಂ ಕಾಳು, ಅದರಿಂದ 11. ತೊಗರಿಬೇಳೆ 50 ಗ್ರಾಂ, ಅದರಿಂದಲೂ 11. ಒಂದು ಹಿಡಿ ಶೇಂಗಾ, 50 ಗ್ರಾಂ, ಅದರಿಂದ 12. ಒಟ್ಟು 76 ಗ್ರಾಂ. ಸಾಮಾನ್ಯ ಮನುಷ್ಯನಿಗೆ ಇದು ಧಾರಾಳ. ಮೈ ಬೆಳೆಸುವವನಿಗೆ ಇನ್ನೂ ಕೊರತೆ. ಅದಕ್ಕೆ 50 ಗ್ರಾಂ ಸೋಯಾ ಉಂಡೆ ಸೇರಿಸಿದಾಗ ಇನ್ನೊಂದು 26 ಗ್ರಾಂ ಕೂಡಿ ಲೆಕ್ಕ 102ಕ್ಕೆ ಬಂದು ನಿಂತಿತು. ತರಕಾರಿ, ಸೊಪ್ಪು, ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳು ಉಳಿದ ಅಲ್ಪವನ್ನು ತುಂಬಿದವು.

ಈ ಪಟ್ಟಿಯಲ್ಲಿ ಹೊರಗಿನದೇನೂ ಇಲ್ಲ. ಮುಂಗಾರಿನ ಹೆಸರು, ಶೇಂಗಾ. ಹಿಂಗಾರಿನ ಕಡಲೆ, ಜೋಳ ಎಲ್ಲವೂ ಅದೇ ಸೀಮೆಯ ಬೆಳೆ. ಉತ್ತರ ಕರ್ನಾಟಕವನ್ನು ದಶಕಗಳ ಕಾಲ ಆಳಿದ ಕಡಲೆ ತಳಿಯ ಹೆಸರೇ ಅಣ್ಣಿಗೇರಿ-1. ಧಾರವಾಡ, ಕಲಘಟಗಿ ಕಡೆ ಸೋಯಾ ಅವರೆ ಹೇರಳ. ತುಕ್ಕುರೋಗಕ್ಕೆ ಜಗ್ಗದ ಡಿಎಸ್‌ಬಿ 21 ತಳಿಯನ್ನು ಕೊಟ್ಟದ್ದೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ. ವಿಪರ್ಯಾಸವೆಂದರೆ, ಆ ಸೋಯಾ ಎಣ್ಣೆಗಾಗಿ ಗಿರಣಿಗೆ ಹೋಗುತ್ತದೆ, ಪ್ರೋಟೀನು ತುಂಬಿದ ಹಿಂಡಿ ಕೋಳಿಗಳ ಪಾಲಾಗುತ್ತದೆ. ಸೋಯಾ ತಿಂದರೆ ಗಂಡಸುತನ ಕುಗ್ಗುತ್ತದೆಂಬ ಗಾಳಿಮಾತು ಜಿಮ್‌ಗಳಲ್ಲಿ ಇನ್ನೂ ಸುಳಿದಾಡುತ್ತಿದೆ. 2021ರಲ್ಲಿ ಪ್ರಕಟವಾದ ವಿಸ್ತೃತ ವಿಶ್ಲೇಷಣೆಯೊಂದು ಪುರುಷರ ಹಾರ್ಮೋನುಗಳ ಮೇಲೆ ಅದು ಅಂಥ ಪರಿಣಾಮ ಬೀರುವುದಿಲ್ಲವೆಂದು ತೋರಿಸಿದೆ.

ಅರ್ಥಶಾಸ್ತ್ರ ಓದಿದವನಿಗೆ ಬೆಲೆ ನೋಡದೆ ಸಮಾಧಾನವಾಗದು. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಅಂದರೆ ಒಂದು ಗ್ರಾಂ ಪ್ರೋಟೀನಿಗೆ 30 ಪೈಸೆ. 2024-25ರ ಬೆಂಬಲ ಬೆಲೆಯಂತೆ ಹೆಸರಿನಲ್ಲಿ ಅದು 39 ಪೈಸೆ, ಶೇಂಗಾದಲ್ಲಿ ಸಿಪ್ಪೆಯ ತೂಕ ಕಳೆದು 41 ಪೈಸೆ. 2025ರ ಏಪ್ರಿಲ್‌ನ ಏರಿಕೆಯ ನಂತರ ಲೀಟರಿಗೆ 46 ರೂಪಾಯಿಯಾದ ಹಾಲಿನಲ್ಲಿ ಅದೇ ಒಂದು ಗ್ರಾಮಿಗೆ ಹತ್ತಿರ ಹತ್ತಿರ ಒಂದೂವರೆ ರೂಪಾಯಿ. ಜಿಮ್‌ಗಳಲ್ಲಿ ಕಿಲೋಗೆ ಎರಡು-ಮೂರು ಸಾವಿರ ರೂಪಾಯಿಗೆ ಬಿಕರಿಯಾಗುವ ಡಬ್ಬಿಯ ಪುಡಿಯಲ್ಲಿ ಅದಕ್ಕೂ ಹೆಚ್ಚು. ಕಾಳಿನದು ಹೊಲದ ಬೆಲೆ, ಹಾಲಿನದು ಅಂಗಡಿಯ ಬೆಲೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಳಿಗೂ ಅಂಗಡಿಯ ಬೆಲೆ ಹಚ್ಚಿದರೂ, ಅದರ ಪ್ರೋಟೀನು ಮುಕ್ಕಾಲು ಭಾಗ ಮಾತ್ರ ದಕ್ಕುತ್ತದೆಂದು ಹಿಡಿದರೂ ಅಂತರ ಅಳಿಯುವುದಿಲ್ಲ. ಅನಗತ್ಯವಾಗಿ ಪ್ರೋಟೀನು ಪುಡಿಗಳ ಮೊರೆಹೋಗಬೇಡಿರೆಂದು ಪೌಷ್ಟಿಕ ಆಹಾರ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಎಚ್ಚರಿಸಿರುವುದನ್ನೂ ಇಲ್ಲಿ ನೆನೆಯಬೇಕು.

ದಕ್ಕುವ ಪ್ರಶ್ನೆಗೂ ನಮ್ಮ ಹಿರಿಯರ ಬಳಿ ಉತ್ತರವಿತ್ತು. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ರೊಟ್ಟಿ-ಕಾಳುಪಲ್ಯದ ಜೋಡಿ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಬೇಯಿಸಿದಾಗ ಜೋಳದ ಪ್ರೋಟೀನು ಜೀರ್ಣವಾಗುವುದು ಕಷ್ಟವಾಗುತ್ತದೆ, ಹುಳಿ ಬರಿಸಿದಾಗ ಸುಲಭವಾಗುತ್ತದೆ. ಹಿಟ್ಟನ್ನು ಹುಳಿ ಬರಿಸಿ ಅಂಬಲಿ ಕಾಸುತ್ತಿದ್ದ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಕಾಳು ಮೊಳಕೆಯೊಡೆದರೆ, ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣದ ಅಂಶ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದಿಲ್ಲ. ಹಾಲಿನ ಸುಣ್ಣಾಂಶದ ಕೊರತೆಯನ್ನು ರಾಗಿ, ಎಳ್ಳು ಬಹುಮಟ್ಟಿಗೆ ತುಂಬಬಲ್ಲವು.

ಇಲ್ಲಿಗೆ ಲೇಖನ ಮುಗಿದಿದ್ದರೆ ಅದೊಂದು ಸುಂದರ ಕಥೆಯಾಗುತ್ತಿತ್ತು. ಆದರೆ ನಮ್ಮ ಲೆಕ್ಕದಲ್ಲಿ ಒಂದು ತಪ್ಪು ಉಳಿದಿತ್ತು. ಅದರಲ್ಲಿ ನನ್ನ ಪಾಲೂ ಇತ್ತು.

ಹಾಲು ಬಿಟ್ಟ ಎರಡು ವರ್ಷಗಳ ನಂತರ ಹುಡುಗನ ಪಾದಗಳಲ್ಲಿ ಜೋಮು ಆರಂಭವಾಯಿತು. ಕಸರತ್ತಿನ ದಣಿವೆಂದು ಅವನು ಭಾವಿಸಿದ. ಜಿಮ್ಮಿನ ತರಬೇತುದಾರನೊಬ್ಬ ಇನ್ನಷ್ಟು ಪುಡಿ ಕೊಳ್ಳಲು ಹೇಳಿದ. ತೋಳು ತುಂಬಿಕೊಂಡೇ ಇದ್ದವು. ಆದರೆ ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಕಾಲು ತಡವರಿಸತೊಡಗಿತು. ಕಡೆಗೆ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ಜೀವಸತ್ವ ತೀರಾ ತಳ ಮುಟ್ಟಿತ್ತು.

ಬಿ12 ಅನ್ನು ತಯಾರಿಸುವುದು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ, ಬ್ಯಾಕ್ಟೀರಿಯಾಗಳು. ಅದು ನಮಗೆ ದೊರೆಯುವುದು ಹಾಲು, ಮೊಟ್ಟೆ, ಮಾಂಸಗಳ ಮೂಲಕ. ಯಾವ ಕಾಳಿನಲ್ಲೂ, ಸೊಪ್ಪಿನಲ್ಲೂ ಅದು ನೆಚ್ಚುವಷ್ಟು ಇಲ್ಲ. ಯಕೃತ್ತಿನಲ್ಲಿ ಅದರ ದಾಸ್ತಾನು ಕೆಲವು ವರ್ಷಗಳ ಮಟ್ಟಿಗೆ ಇರುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ಬರುತ್ತದೆ. ಕೇವಲ ಹಾಲನ್ನೇ ನಂಬಿದ ಸಸ್ಯಾಹಾರಿಗಳಲ್ಲೂ ಈ ದಾಸ್ತಾನು ಮೊದಲೇ ತೆಳುವಾಗಿರುವುದನ್ನು ಪುಣೆಯಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಇನ್ನೊಂದು ಅಪಾಯವೂ ಇದೆ. ಕಾಳು, ಸೊಪ್ಪುಗಳಲ್ಲಿ ಹೇರಳವಾಗಿರುವ ಫೋಲೇಟ್ ಅಂಶವು ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಮರೆಮಾಚಬಲ್ಲದು. ರಕ್ತ ಚೆನ್ನಾಗಿ ಕಾಣುತ್ತಿರುವಾಗಲೇ ನರಗಳು ಸವೆಯುತ್ತಿರುತ್ತವೆ. ನಾವು ಪ್ರೋಟೀನನ್ನು ಗ್ರಾಂಗಳಲ್ಲಿ ಎಣಿಸಿದೆವು. ಮೈಕ್ರೋಗ್ರಾಂಗಳಲ್ಲಿ ಬೇಕಾದದ್ದನ್ನು ಎಣಿಸಲೇ ಇಲ್ಲ. ಆಯವ್ಯಯದ ದೊಡ್ಡ ಬಾಬತ್ತುಗಳನ್ನು ತಿದ್ದುತ್ತ ಸಣ್ಣ ಬಾಬತ್ತನ್ನು ಕೈಬಿಡುವ ಕಚೇರಿಯ ಹಳೆಯ ರೂಢಿ ನನ್ನನ್ನು ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ.

ಚುಚ್ಚುಮದ್ದುಗಳಿಂದ ಜೋಮು ಇಳಿಯಲು ಹಲವು ತಿಂಗಳುಗಳೇ ಹಿಡಿದವು. ತಡಮಾಡಿದ್ದರೆ ನರಗಳ ಹಾನಿ ಶಾಶ್ವತವಾಗುವ ಸಂಭವವಿತ್ತೆಂದು ವೈದ್ಯರು ಹೇಳಿದಾಗ ಅವನ ತಾಯಿ ನನ್ನತ್ತ ನೋಡಿದ ನೋಟ ಇಂದಿಗೂ ಮರೆತಿಲ್ಲ. ‘ಇನ್ನಾದರೂ ಹಾಲು ಕುಡಿ’ ಎಂದು ಮನೆಯವರೆಲ್ಲ ಒತ್ತಾಯಿಸಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಅಜ್ಜಾ, ಈ ಗುಳಿಗಿ ಎದರಿಂದ ಮಾಡ್ತಾರ?’ ಕಾರ್ಖಾನೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಬಿ12 ತೆಗೆಯುತ್ತಾರೆಂದು ತಿಳಿಸಿದೆ. ‘ಹಂಗಾದ್ರ ಇದು ನನಗ ನಡೀತದ’ ಎಂದ. ಅಂದಿನಿಂದ ಗುಳಿಗೆ ತಪ್ಪಿಸಿಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಿದ್ದಾನೆ.

ಈ ಪ್ರಸಂಗದಿಂದ ನನಗೆ ಹೊಳೆದದ್ದು ಎರಡು ಮಾತು. ವೀಗನ್ ಕ್ರಮವನ್ನು ಆಯ್ದುಕೊಳ್ಳುವ ತರುಣರಿಗೆ: ನಿಮ್ಮ ಕರುಣೆ ದೊಡ್ಡದು, ಆದರೆ ಕರುಣೆ ಬಿ12 ಅನ್ನು ಉತ್ಪಾದಿಸುವುದಿಲ್ಲ. ಹಾಲು ಬಿಟ್ಟ ದಿನವೇ ಗುಳಿಗೆ ಆರಂಭಿಸಬೇಕು. ಜೋಮು ಬರುವವರೆಗೆ ಕಾಯಬಾರದು.

ಸರ್ಕಾರಕ್ಕೆ ಹೇಳಬೇಕಾದದ್ದು ಇನ್ನೊಂದು. ನಮ್ಮ ಗ್ರಾಮೀಣ ಊಟದಲ್ಲಿ ಪ್ರೋಟೀನಿನ ಅರ್ಧದಷ್ಟು ಇಂದಿಗೂ ಬರುತ್ತಿರುವುದು ಏಕದಳ ಧಾನ್ಯಗಳಿಂದಲೇ. ಹಾಲಿಗೆ ಪ್ರೋತ್ಸಾಹಧನ ಕೊಡುವ ರಾಜ್ಯದಲ್ಲಿ ಹೆಸರು ಬೆಳೆದವನು ಖರೀದಿ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳುವುದು ವರ್ಷ ವರ್ಷವೂ ನಡೆಯುತ್ತದೆ. ಖರೀದಿ ಸಕಾಲಕ್ಕೆ ಆರಂಭವಾಗಿ, ಆ ಕಾಳು ಅದೇ ಜಿಲ್ಲೆಯ ಪಡಿತರ ಅಂಗಡಿಗೂ ಶಾಲೆಯ ಬಿಸಿಯೂಟಕ್ಕೂ ಹೋದರೆ, ಹಾಲು ಕುಡಿಯುವವನಿಗೂ ಬಿಟ್ಟವನಿಗೂ ಅದು ಒಳಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಿ12 ಪರೀಕ್ಷೆ ಸಿಗುವಂತಾಗುವುದು ಐಷಾರಾಮವಲ್ಲ.

ನಾನಂತೂ ಮೊಸರು ಬಿಡಲಾರದವನು. ಆದರೆ ಅರವತ್ತರ ನಂತರ ಮಾಂಸಖಂಡ ತಾನಾಗಿ ಕರಗುತ್ತದೆಂದು ತಿಳಿದ ಮೇಲೆ ಬೆಳಿಗ್ಗೆ ಒಂದಿಷ್ಟು ಭಾರ ಎತ್ತುತ್ತೇನೆ, ಮೊಳಕೆ ಹೆಸರು ತಿನ್ನುತ್ತೇನೆ. ಅದು ಮೊಮ್ಮಗನಿಂದ ಕಲಿತದ್ದು.

ಈಚೆಗೆ ಮತ್ತೆ ಊರಿಗೆ ಹೋಗಿದ್ದೆ. ಮುಂಜಾವಿನಲ್ಲಿ ತಾಯಿ ಎಮ್ಮೆ ಹಿಂಡುತ್ತಿದ್ದಳು. ಮಗ ಕೊಟ್ಟಿಗೆಯ ಸಗಣಿ ಬಳಿದು, ಮೇವು ಹಾಕಿ, ಕರುವಿನ ಹಗ್ಗ ಬಿಚ್ಚಿದ. ಕರುವಿಗೆ ಒಂದು ಮೊಲೆ ಬಿಟ್ಟು ಹಿಂಡುವುದೆಂದು ತಾಯಿ-ಮಗನ ನಡುವೆ ಒಪ್ಪಂದವಾಗಿದೆಯಂತೆ. ಹಿಂಡಿದ ಹಾಲಿನ ಕ್ಯಾನನ್ನು ಅವನೇ ಬೈಕಿಗೆ ಕಟ್ಟಿಕೊಂಡು ಡೇರಿಗೆ ಹೊರಟ. ಅವನು ಬರುವಷ್ಟರಲ್ಲಿ ಆಕೆ ಹೆಸರುಕಾಳಿನ ಉಸಳಿಗೆ ಒಗ್ಗರಣೆ ಹಾಕಿಟ್ಟಿದ್ದಳು, ಎಣ್ಣೆಯಲ್ಲಿ, ತುಪ್ಪದಲ್ಲಲ್ಲ.